ಎರಡು ಸಲ ಕಟ್ಟಿದ ಅರಮನೆ

ಅರಮನೆ ಎಂದರೆ ನಮ್ಮ ಕಡೆಯವರಿಗೆ ಮೈಸೂರು. ದಸರೆಯ ದೀಪ, ಅಂಬಾರಿ, ಬಾಗಿಲಲ್ಲಿ ಚಪ್ಪಲಿ ಬಿಡುವ ಸಾಲು, ಇಷ್ಟು ಕಣ್ಣ ಮುಂದೆ ಬಂದುಬಿಡುತ್ತದೆ. ಜರ್ಮನಿಯಲ್ಲಿ ಸಣ್ಣ ಸಣ್ಣ ಊರುಗಳಲ್ಲೂ ಅಂಥ ದೊಡ್ಡ ಅರಮನೆಗಳಿವೆ ಎಂದು ನನಗೆ ತಿಳಿದದ್ದು ಮಗಳ ಮನೆಗೆ ಹೋದ ಮೇಲೆ. ಮಗಳು ಅಳಿಯ ಇರುವುದು ಕಾರ್ಲ್ಸ್‌ರೂಹೆ ಎಂಬ ಊರಿನಲ್ಲಿ. ಅಲ್ಲಿಂದ ರೈಲು ಹತ್ತಿದರೆ ಇಪ್ಪತ್ತು ಕಿಲೋಮೀಟರು ದೂರದಲ್ಲಿ ಬ್ರುಖ್ಸಾಲ್ ಸಿಗುತ್ತದೆ. ಹೆಸರು ಹೇಳುವಾಗ ‘ಖ’ ಗಂಟಲಿನ ಆಳದಿಂದ ಬರಬೇಕು ಎಂದು ಒಂಬತ್ತು ವರ್ಷದ ಮೊಮ್ಮಗಳು ಪುಟ್ಟಿ ನನಗೂ ಅವಳ ತಾತನಿಗೂ ಮೂರು ಸಲ ಪಾಠ ಮಾಡಿದಳು. ಸುಮಾರು 45 ಸಾವಿರ ಜನರಿರುವ ಊರು. ನಮ್ಮ ಒಂದು ತಾಲ್ಲೂಕು ಕೇಂದ್ರದಷ್ಟು ಎನ್ನಿ.

ಅಷ್ಟು ಸಣ್ಣ ಊರಿಗೆ ಅರಮನೆ ಏಕೆ ಬಂತು? ಮುನ್ನೂರು ವರ್ಷಗಳ ಹಿಂದೆ ಜರ್ಮನಿ ಎಂಬ ಒಂದೇ ದೇಶ ಇರಲಿಲ್ಲ. ನೂರಾರು ಸಣ್ಣ ಸಂಸ್ಥಾನಗಳಿದ್ದವು, ಒಂದೊಂದಕ್ಕೂ ಒಬ್ಬೊಬ್ಬ ಒಡೆಯ. ಕೆಲವು ಕಡೆ ಕ್ರೈಸ್ತ ಧರ್ಮಗುರುವೇ ರಾಜನೂ ಆಗಿರುತ್ತಿದ್ದ. ಒಂದು ಮಠದ ಸ್ವಾಮಿಗಳೇ ಕಂದಾಯ ವಸೂಲಿ ಮಾಡಿ, ಸೈನ್ಯ ಇಟ್ಟುಕೊಂಡು, ನ್ಯಾಯ ಹೇಳುತ್ತಿದ್ದರೆ ಹೇಗಿರುತ್ತಿತ್ತೋ ಹಾಗೆ. ಅವರನ್ನು ರಾಜ-ಬಿಷಪ್ ಎನ್ನೋಣ. ಶ್ಪೈಯರ್ ಎಂಬ ಊರಿನ ರಾಜ-ಬಿಷಪ್ ದಾಮಿಯನ್ ಹ್ಯೂಗೊ ಫಾನ್ ಶೋನ್‌ಬೋರ್ನ್ 1719ರಲ್ಲಿ ಪಟ್ಟಕ್ಕೆ ಬಂದಾಗ ಅವರಿಗೆ ವಾಸಕ್ಕೆ ತಕ್ಕ ಅರಮನೆಯೇ ಇರಲಿಲ್ಲ. ಹಳೆಯದನ್ನು 1689ರ ಯುದ್ಧದಲ್ಲಿ ಫ್ರೆಂಚ್ ಸೈನಿಕರು ಹಾಳುಗೆಡವಿದ್ದರು. ಹೊಸದನ್ನು ಅಲ್ಲೇ ಕಟ್ಟೋಣವೆಂದರೆ ಶ್ಪೈಯರಿನ ನಾಗರಿಕರು ಬೇರೆ ಪಂಥದವರು, ಬಿಷಪ್ಪರ ಮಾತಿಗೆ ಬಗ್ಗುವವರಲ್ಲ. ಜಗಳ ಹತ್ತಿತು. ‘ನಿಮ್ಮ ಊರೇ ಬೇಡ’ ಎಂಬಂತೆ ಅವರು ನದಿಯ ಈಚೆಗೆ ಬಂದು ಬ್ರುಖ್ಸಾಲಿನಲ್ಲಿ ಹೊಸ ಅರಮನೆಗೆ ಕೈಹಾಕಿದರು. ಅದು 1720ರ ದಶಕದ ಆರಂಭ.

ಈ ಶೋನ್‌ಬೋರ್ನ್ ಮನೆತನದವರಿಗೆಲ್ಲ ಕಟ್ಟುವ ಚಟ. ತಮಗೆ ‘ಕಟ್ಟಡದ ಹುಳು’ ಹತ್ತಿದೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರಂತೆ. ತಲೆಗೆ ಹುಳ ಹೊಕ್ಕಿತು ಎಂದು ನಾವೂ ಹೇಳುತ್ತೇವಲ್ಲ, ಮಾತು ಎಷ್ಟು ಹತ್ತಿರ ನೋಡಿ.

ನಾವು ಹೋದದ್ದು ಮೇ ತಿಂಗಳ ಒಂದು ಶನಿವಾರ. ರೈಲು ನಿಲ್ದಾಣದಿಂದ ನಡೆದೇ ಹೋದೆವು. ಹೆಬ್ಬಾಗಿಲಲ್ಲಿ ನಿಂತರೆ ಎದುರಿಗೆ ವಿಶಾಲವಾದ ಅಂಗಳ, ಅದರಾಚೆ ಹಳದಿ ಬಣ್ಣದ ದೊಡ್ಡ ಕಟ್ಟಡ, ಎಡಕ್ಕೂ ಬಲಕ್ಕೂ ತೋಳು ಚಾಚಿದ ಹಾಗೆ ಇನ್ನೆರಡು. ಇದು ಒಂದು ಮನೆಯಲ್ಲ, ಒಂದು ಪುಟ್ಟ ಊರು. ಕಚೇರಿ, ಕುದುರೆಲಾಯ, ಚರ್ಚು, ಕಾವಲಿನವರ ಮನೆ ಎಲ್ಲ ಸೇರಿ ಹತ್ತಾರು ಕಟ್ಟಡಗಳು.

ಹಳದಿ ಗೋಡೆಯ ಮೇಲೆ ಕಂಬಗಳು, ಕಿಟಕಿಯ ಸುತ್ತ ಬಳ್ಳಿಯ ಹಾಗೆ ಸುತ್ತಿದ ಕೆತ್ತನೆ. ಪುಟ್ಟಿ ಓಡಿಹೋಗಿ ಒಂದನ್ನು ಮುಟ್ಟಿ ನೋಡಿ ಕೂಗಿದಳು: “ಅಜ್ಜಿ, ಇದು ಕಲ್ಲಲ್ಲ, ಬರೀ ಬಣ್ಣ!”

ಹೌದು, ಬಣ್ಣವೇ. ನೆರಳು ಬೆಳಕು ಹಾಕಿ ಉಬ್ಬಿ ಬಂದ ಹಾಗೆ ಬಿಡಿಸಿದ್ದಾರೆ. ಕಣ್ಣನ್ನು ಹೀಗೆ ಮೋಸಪಡಿಸುವುದು ಆ ಕಾಲದ ಕಲೆಗೆ ಬಲು ಇಷ್ಟದ ಆಟ. ಆ ಶೈಲಿಗೆ ಬರೋಕ್ ಎಂದು ಹೆಸರು. ಪೋರ್ಚುಗೀಸ್ ಭಾಷೆಯಲ್ಲಿ ಸೊಟ್ಟಪಟ್ಟ ಮುತ್ತಿಗೆ ಇರುವ ಪದದಿಂದ ಈ ಹೆಸರು ಬಂತು ಎನ್ನುತ್ತಾರೆ. ನೇರ ಗೆರೆ ಇದ್ದಲ್ಲಿ ಬಾಗು, ಖಾಲಿ ಜಾಗ ಇದ್ದಲ್ಲಿ ಬಳ್ಳಿ, ಚಾವಣಿ ಇದ್ದಲ್ಲಿ ಆಕಾಶ. ನೋಡಿದವರು ಬಾಯಿ ಬಿಡಬೇಕು, ಅದೇ ಉದ್ದೇಶ. ನಾನಂತೂ ಬಿಟ್ಟೆ.

ಒಳಗೆ ಹೋದ ಮೇಲೆ ನೋಡಬೇಕಾದದ್ದು ಮೆಟ್ಟಿಲು. ಮೆಟ್ಟಿಲು ನೋಡಲು ಟಿಕೆಟ್ ಕೊಡಬೇಕೇ ಎಂದು ನಮ್ಮವರು ಗೊಣಗಿದರು. ಅವರು ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರಾಗಿ ದುಡಿದು ನಿವೃತ್ತರಾದವರು. ಸೇತುವೆ, ಶಾಲೆ, ಆಸ್ಪತ್ರೆ ಎಲ್ಲ ಕಟ್ಟಿಸಿದ್ದಾರೆ. ಹತ್ತು ನಿಮಿಷ ಕಳೆದ ಮೇಲೆ ಅವರನ್ನು ಅಲ್ಲಿಂದ ಎಬ್ಬಿಸುವುದೇ ನಮಗೆ ಕಷ್ಟವಾಯಿತು.

ಆ ಮೆಟ್ಟಿಲಿಗೆ ಒಂದು ಕಥೆ ಇದೆ. ಅರಮನೆ ಅರ್ಧ ಎದ್ದ ಮೇಲೆ ಬಿಷಪ್ಪರಿಗೆ ಜಾಗ ಸಾಲದು ಅನ್ನಿಸಿತು. ನೆಲಮಹಡಿಗೂ ಮೇಲಿನ ದೊಡ್ಡ ಮಹಡಿಗೂ ನಡುವೆ ಇನ್ನೊಂದು ಗಿಡ್ಡ ಮಹಡಿ ಸೇರಿಸಿ ಎಂದು ಹಟ ಹಿಡಿದರು. ಸೇರಿಸಿದರೆ ಮೇಲಿನ ಮಹಡಿ ಇನ್ನೂ ಮೇಲಕ್ಕೆ ಹೋಗುತ್ತದೆ, ಮೊದಲು ಲೆಕ್ಕ ಹಾಕಿದ್ದ ಮೆಟ್ಟಿಲು ಅಲ್ಲಿಗೆ ಮುಟ್ಟುವುದಿಲ್ಲ. ನಕ್ಷೆ ಮಾಡಿದ್ದ ವಾಸ್ತುಶಿಲ್ಪಿಗೂ ಬಿಷಪ್ಪರಿಗೂ ಕೆಟ್ಟು, ಆತ ಕೆಲಸ ಬಿಟ್ಟು ಹೋದ. ಅರಮನೆಯ ನಟ್ಟನಡುವೆ ಒಂದು ದೊಡ್ಡ ದುಂಡನೆಯ ಖಾಲಿ ಜಾಗ ಹಾಗೇ ಉಳಿಯಿತು. ಮನೆ ಕಟ್ಟಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದರೇ? ಕೊನೆಗೆ 1731ರ ಹೊತ್ತಿಗೆ ಆ ಗೋಜಲು ಬಾಲ್ತಸಾರ್ ನೊಯ್‌ಮನ್ ಎಂಬಾತನ ಕೈಗೆ ಬಂತು. ಈತ ಹುಡುಗನಾಗಿದ್ದಾಗ ಕಲಿತದ್ದು ಗಂಟೆ, ಫಿರಂಗಿ ಎರಕ ಹೊಯ್ಯುವ ಕಸುಬು. ಆಮೇಲೆ ಕಟ್ಟಡ ವಿದ್ಯೆ ಕಲಿತು ಆ ಕಾಲದ ದೊಡ್ಡ ವಾಸ್ತುಶಿಲ್ಪಿಯಾದ. ಬಿಷಪ್ಪರ ಮನೆತನದವರೇ ವ್ಯೂರ್ಟ್ಸ್‌ಬುರ್ಗ್ ಎಂಬಲ್ಲಿ ಕಟ್ಟಿಸುತ್ತಿದ್ದ ಇನ್ನೊಂದು ಅರಮನೆಯಲ್ಲೂ ಕೆಲಸ ಮಾಡುತ್ತಿದ್ದ.

ನೊಯ್‌ಮನ್ ಆ ತೊಡಕನ್ನೇ ಉಪಾಯ ಮಾಡಿಕೊಂಡ. ನಡುವೆ ದುಂಡನೆಯ ಒಂದು ಗೋಪುರದಂಥ ರಚನೆ ನಿಲ್ಲಿಸಿ, ಅದರ ಎಡಕ್ಕೊಂದು ಬಲಕ್ಕೊಂದು ಮೆಟ್ಟಿಲುಸಾಲನ್ನು ಬಳಸಿ ಏರಿಸಿದ. ಕೆಳಗೆ ನಿಂತರೆ ಗುಹೆಯ ಹಾಗೆ ಮಬ್ಬುಗತ್ತಲು. ಗೋಡೆಯ ಮೇಲೆ ಕಪ್ಪೆಚಿಪ್ಪು, ನೀರು, ಬಂಡೆಗಳ ಚಿತ್ರ. ಒಂದೊಂದೇ ಮೆಟ್ಟಿಲು ಹತ್ತಿದಂತೆ ಗೋಡೆ ಬಾಗುತ್ತದೆ, ಮುಂದೇನಿದೆ ಎಂದು ಕಾಣುವುದಿಲ್ಲ. ಬೆಳಕು ಮಾತ್ರ ಸ್ವಲ್ಪ ಸ್ವಲ್ಪವೇ ಹೆಚ್ಚುತ್ತದೆ. ಕೊನೆಯ ಮೆಟ್ಟಿಲಿಗೆ ಕಾಲಿಟ್ಟಾಗ ದ್ವೀಪದಂಥ ಒಂದು ದುಂಡು ಅಂಗಳ, ಸುತ್ತ ಬೆಳಕು, ತಲೆಯ ಮೇಲೆ ಗುಮ್ಮಟದ ತುಂಬ ಮೋಡ, ಮನುಷ್ಯರು, ದೇವತೆಗಳು. ಅಲ್ಲಿಂದ ಈ ಕಡೆಗೊಂದು ದೊಡ್ಡ ಸಭಾಂಗಣ, ಆ ಕಡೆಗೊಂದು.

ನನಗೆ ನಮ್ಮ ಗುಡಿಗಳ ನೆನಪಾಯಿತು. ಅಲ್ಲಿ ಬಿಸಿಲಿನಿಂದ ಒಳಗೊಳಗೆ ಕತ್ತಲೆಗೆ ಹೋಗುತ್ತೇವೆ, ಗರ್ಭಗುಡಿಯಲ್ಲಿ ಒಂದು ದೀಪ. ಇಲ್ಲಿ ಅದು ತಿರುಗುಮುರುಗು.

ನಮ್ಮವರು ಎಡಗಡೆಯಿಂದ ಹತ್ತಿ ಬಲಗಡೆಯಿಂದ ಇಳಿದು, ಮತ್ತೆ ಹತ್ತಿ, “ಒಂದು ಮೆಟ್ಟಿಲಿನ ಎತ್ತರವೂ ಹೆಚ್ಚುಕಡಿಮೆ ಇಲ್ಲ ಕಣೇ, ಮಂಡಿ ನೋಯಲೇ ಇಲ್ಲ” ಎಂದರು. ಅವರು ಕೊಡುವ ದೊಡ್ಡ ಪ್ರಶಸ್ತಿ ಅದು.

ಮೇಲಿನ ಕೋಣೆಗಳಲ್ಲಿ ಗೋಡೆಗೆ ದೊಡ್ಡ ದೊಡ್ಡ ಚಿತ್ರಗಂಬಳಿಗಳು, ಚಿನ್ನದ ಬಣ್ಣದ ಕುರ್ಚಿಗಳು. ಒಂದು ಕಡೆ ಅಮಾಲಿ ಎಂಬ ರಾಜಮನೆತನದ ಹೆಂಗಸಿನ ಕಥೆ ಇತ್ತು. ಬಿಷಪ್ಪರ ಆಳ್ವಿಕೆ 1803ರ ಹೊತ್ತಿಗೆ ಮುಗಿದು ಅರಮನೆ ಬಾಡೆನ್ ಸಂಸ್ಥಾನಕ್ಕೆ ಸೇರಿತು. ಆಮೇಲೆ ಇಲ್ಲಿ ವಾಸಕ್ಕೆ ಬಂದವಳು ಈಕೆ. ಗಂಡ ತೀರಿಹೋಗಿದ್ದ. ಒಬ್ಬ ಮಗಳು ರಷ್ಯಾದ ಸಾಮ್ರಾಜ್ಞಿ, ಒಬ್ಬಳು ಸ್ವೀಡನ್ನಿನ ರಾಣಿ, ಇನ್ನೊಬ್ಬಳು ಬವೇರಿಯದ ರಾಣಿ. ಊರವರ ಕಣ್ಣಿಗೆ ಎಂಥ ಭಾಗ್ಯ! ನಾನು ಯೋಚಿಸಿದ್ದು ಬೇರೆ. ರೈಲಿಲ್ಲ, ಫೋನಿಲ್ಲ. ರಷ್ಯಾದಿಂದ ಒಂದು ಕಾಗದ ಬರಲು ಕುದುರೆಗಾಡಿಗೆ ಎಷ್ಟು ದಿನವೋ. 1832ರಲ್ಲಿ ತೀರಿಕೊಳ್ಳುವವರೆಗೆ ಈಕೆ ಕಿಟಕಿಯ ಬಳಿ ಕೂತು ಎಷ್ಟು ಸಲ ಆ ಅಂಗಳ ನೋಡಿರಬೇಕು! ಮಗಳನ್ನು ದೂರದ ದೇಶಕ್ಕೆ ಕಳಿಸಿದ ತಾಯಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ನಮಗಾದರೆ ಭಾನುವಾರ ಸಂಜೆ ವಿಡಿಯೊ ಕರೆ ಇದೆ, ಪುಟ್ಟಿಯ ಬಿದ್ದ ಹಲ್ಲನ್ನೂ ನೋಡಿದ್ದೇನೆ.

ಅದೇ ಕಟ್ಟಡದಲ್ಲಿ ತಾವಾಗಿಯೇ ನುಡಿಯುವ ವಾದ್ಯಗಳ ಸಂಗ್ರಹಾಲಯವೂ ಇದೆ. ಮಕ್ಕಳನ್ನು ಕರೆದುಕೊಂಡು ಹೋದವರು ಇದಕ್ಕೆ ಸಾಕಷ್ಟು ಹೊತ್ತು ಇಟ್ಟುಕೊಳ್ಳಬೇಕು. ಬೀದಿಯಲ್ಲಿ ಹಿಡಿ ತಿರುಗಿಸಿ ನುಡಿಸುವ ಪೆಟ್ಟಿಗೆಯಿಂದ ಹಿಡಿದು ಗೋಡೆಯಷ್ಟು ಎತ್ತರದ ಆರ್ಗನ್ ತನಕ ಇವೆ. ತೂತು ಕೊರೆದ ಕಾಗದದ ಸುರುಳಿ ಒಳಗೆ ಸರಿಯುತ್ತದೆ, ತೂತು ಇದ್ದಲ್ಲಿ ಗಾಳಿ ನುಗ್ಗಿ ಸ್ವರ ಹೊರಡುತ್ತದೆ. ರಂಗೋಲಿ ಅಚ್ಚಿನ ತೂತುಗಳಿಂದ ಪುಡಿ ಉದುರಿ ಹೂವು ಮೂಡುವ ಹಾಗೆ ಎಂದು ಪುಟ್ಟಿಗೆ ಹೇಳಿದೆ. ತಕ್ಷಣ ಅರ್ಥವಾಯಿತು. ಒಂದು ಯಂತ್ರದಲ್ಲಿ ಮೂರು ಪಿಟೀಲುಗಳನ್ನು ನಿಲ್ಲಿಸಿದ್ದಾರೆ, ಅವುಗಳ ಸುತ್ತ ಬಳೆಯಂತೆ ದುಂಡನೆಯ ಕಮಾನು ತಿರುಗುತ್ತದೆ, ಜೊತೆಗೆ ಪಿಯಾನೊ. ನುಡಿಸುವವರು ಯಾರೂ ಇಲ್ಲ, ಸಂಗೀತ ಮಾತ್ರ ಇದೆ. ಪುಟ್ಟಿ ಹಿಂದೆ ಹೋಗಿ ಇಣುಕಿ, ಯಾರೂ ಅಡಗಿ ಕೂತಿಲ್ಲ ಎಂದು ಖಾತರಿ ಮಾಡಿಕೊಂಡು ಬಂದಳು.

ಇಷ್ಟರವರೆಗೆ ಎಲ್ಲ ಖುಷಿಯೇ. ಆಮೇಲೆ ಒಂದು ಕೋಣೆಗೆ ಬಂದೆವು. ಅಲ್ಲಿ ಕಪ್ಪುಬಿಳುಪು ಫೋಟೊಗಳು. ಚಾವಣಿ ಇಲ್ಲದ ಗೋಡೆಗಳು, ಕಿಟಕಿಯ ಜಾಗದಲ್ಲಿ ತೂತುಗಳು, ಅಂಗಳದ ತುಂಬ ಇಟ್ಟಿಗೆಯ ರಾಶಿ.

“ಇದು ಯಾವ ಊರು, ಅಜ್ಜಿ?” ಎಂದಳು ಪುಟ್ಟಿ. ಅವಳ ಅಮ್ಮ ಕೆಳಗಿದ್ದ ಜರ್ಮನ್ ಬರಹ ಓದಿ ಹೇಳಿದಳು: “ಇದೇ ಅರಮನೆ. ಈಗ ನಾವು ನಿಂತಿರುವುದೇ.”

1945ರ ಮಾರ್ಚ್ 1. ಎರಡನೆಯ ಮಹಾಯುದ್ಧ ಮುಗಿಯಲು ಇನ್ನು ಎರಡು ತಿಂಗಳು ಸ್ವಲ್ಪ ದಿನ ಅಷ್ಟೇ ಇತ್ತು. ಅಂದು ಮಧ್ಯಾಹ್ನ ಅಮೆರಿಕದ ವಿಮಾನಗಳು ಬ್ರುಖ್ಸಾಲಿನ ಮೇಲೆ ಬಾಂಬು ಸುರಿದವು. ಸುಮಾರು ಒಂದು ಸಾವಿರ ಜನ ಸತ್ತರು. ಊರಿನ ನಡುಭಾಗ ಬೂದಿಯಾಯಿತು, ಅರಮನೆ ಉರಿದುಹೋಯಿತು. ಯೊಹಾನ್ನೆಸ್ ತ್ಸಿಕ್ ಎಂಬ ಚಿತ್ರಕಾರ ಬಿಡಿಸಿದ್ದ ಗುಮ್ಮಟದ ಚಿತ್ರ ಗುಮ್ಮಟದ ಜೊತೆಗೇ ಕುಸಿಯಿತು. ನೊಯ್‌ಮನ್ನನ ಮೆಟ್ಟಿಲುಸಾಲು ಮಾತ್ರ ಬಹುಪಾಲು ಆಕಾಶದ ಕೆಳಗೆ ನಿಂತೇ ಇತ್ತು.

ಕೆಡವಿ ಬಯಲು ಮಾಡುವುದೇ, ಹಾಳು ಗೋಡೆಯನ್ನು ಹಾಗೇ ಬಿಡುವುದೇ, ಮತ್ತೆ ಕಟ್ಟುವುದೇ ಎಂಬ ಪ್ರಶ್ನೆ ಬಂತು. ಕಟ್ಟುವುದೆಂದೇ ಆಯಿತು. ಮುಖ್ಯ ಕಟ್ಟಡ ಎದ್ದು ಜನರಿಗೆ ಬಾಗಿಲು ತೆರೆದದ್ದು 1975ರಲ್ಲಿ, ಅಂದರೆ ಮೂವತ್ತು ವರ್ಷಗಳ ಮೇಲೆ. ಗುಮ್ಮಟದ ಚಿತ್ರವನ್ನು ಹಳೆಯ ಫೋಟೊಗಳನ್ನು ನೋಡಿಕೊಂಡು ಹೊಸದಾಗಿ ಬಿಡಿಸಿದರು. ನಾವು ನೋಡಿದ ರಾಜರ ಕೋಣೆಗಳು ಹಿಂದಿನ ರೂಪಕ್ಕೆ ಬಂದು ತೆರೆದದ್ದಂತೂ 2017ರಲ್ಲಿ. ಆದರೆ ಅಲ್ಲಿದ್ದ ಕುರ್ಚಿ ಮೇಜುಗಳು, ಚಿತ್ರಗಂಬಳಿಗಳು ಹಳೆಯವೇ. ಬಾಂಬು ಬೀಳುವ ಮೊದಲೇ ಯಾರೋ ಯೋಚಿಸಿ ಅವನ್ನು ಬೇರೆ ಕಡೆ ಸಾಗಿಸಿ ಇಟ್ಟಿದ್ದರು.

ಪುಟ್ಟಿಯ ಮುಖ ಸಣ್ಣದಾಯಿತು. “ಹಾಗಾದರೆ ಇದು ನಿಜವಾದ ಅರಮನೆ ಅಲ್ಲ, ಅಲ್ವಾ? ಗೋಡೆಯ ಮೇಲಿನ ಕಂಬದ ಹಾಗೆ ಇದೂ ಸುಳ್ಳು.”

ಅವಳ ತಾತ ಕೂಡಲೇ ಉತ್ತರ ಕೊಡಲಿಲ್ಲ. ಕಾರಣ ನನಗೆ ಗೊತ್ತಿತ್ತು. ಊರಲ್ಲಿ ನಮ್ಮ ಹಳೆಯ ತೊಟ್ಟಿಮನೆ ಇದೆ. ಹಿಂದಿನ ವರ್ಷದ ಮಳೆಗೆ ಅದರ ಹಿಂಬದಿಯ ಗೋಡೆ ಕೂತುಹೋಗಿತ್ತು. ನೆಲಸಮ ಮಾಡಿ ತಾರಸಿ ಮನೆ ಕಟ್ಟೋಣ ಎಂದು ಮೈದುನ ಹೇಳುತ್ತಿದ್ದ. ನಮ್ಮವರೂ ಹೂಂ ಎಂದಿದ್ದರು. ನಮಗೆ ಜರ್ಮನಿಗೆ ಹೊರಡುವ ಆತುರ, ಬಂದ ಮೇಲೆ ನೋಡೋಣ ಎಂದು ಮಾತು ನಿಂತಿತ್ತು. ನಾನು ಮದುವೆಯಾಗಿ ಬಂದು ಅಕ್ಕಿ ತುಂಬಿದ ಸೇರು ಒದ್ದು ಒಳಗೆ ಕಾಲಿಟ್ಟ ಮನೆ ಅದು. ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಏನೂ ಹೇಳಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ತಾತ ಕೇಳಿದರು: “ಪುಟ್ಟಿ, ಮೈಸೂರು ಅರಮನೆ ನಿಜದ್ದಾ ಸುಳ್ಳಾ?”

“ನಿಜದ್ದು!”

“ಅದೂ ಸುಟ್ಟುಹೋಗಿತ್ತು ಮಗೂ. ಮೊದಲು ಮರದ ಅರಮನೆ ಇತ್ತು. 1897ರಲ್ಲಿ ಬೆಂಕಿಗೆ ಹೋಯಿತು. ಈಗಿನದನ್ನು ಕಟ್ಟಿ ಮುಗಿಸಿದ್ದು 1912ರಲ್ಲಿ. ಅವರು ಹಳೆಯದರ ಹಾಗೇ ಕಟ್ಟಲಿಲ್ಲ, ಬೆಂಕಿ ತಡೆಯುವಂತೆ ಕಲ್ಲು ಕಬ್ಬಿಣ ಹಾಕಿ ಹೊಸ ನಕ್ಷೆಯಲ್ಲಿ ಕಟ್ಟಿದರು. ಇವರು ಹೇಗಿತ್ತೋ ಹಾಗೇ ಕಟ್ಟಿದರು. ಇಬ್ಬರೂ ಸರಿಯೇ. ಸುಳ್ಳು ಅನ್ನಬೇಕಾದರೆ ಸುಟ್ಟಿದ್ದನ್ನು ಮುಚ್ಚಿಡಬೇಕಿತ್ತು. ಇವರು ನೋಡು, ಫೋಟೊ ಸಮೇತ ಗೋಡೆಗೆ ಹಾಕಿದ್ದಾರೆ.”

ನಾನು ಹೇಳಿದೆ: “ನನ್ನ ಕೌದಿ ಇದೆಯಲ್ಲ, ನಿನ್ನ ಮುತ್ತಜ್ಜಿ ಹೊಲಿದದ್ದು. ಹರಿದಲ್ಲೆಲ್ಲ ಅವರ ಮೇಲೆ ನಾನು ತೇಪೆ ಹಾಕಿದ್ದೇನೆ. ಅದು ಯಾರ ಕೌದಿ?”

ಅವಳು ಯೋಚಿಸುತ್ತ ಸುಮ್ಮನಾದಳು.

ಊಟಕ್ಕೆ ಹತ್ತಿರದ ಹೋಟೆಲಿಗೆ ಹೋದೆವು. ಆ ಸೀಮೆಯಲ್ಲಿ ಮೇ ತಿಂಗಳೆಂದರೆ ಶ್ಪಾರ್ಗೆಲ್ ಕಾಲ. ಮಣ್ಣಿನೊಳಗೇ ಬೆಳೆಸಿ ಬಿಸಿಲು ಸೋಕದಂತೆ ಕೀಳುವ ಬಿಳಿಯ ಎಳೆ ಕಾಂಡ. ಬೇಯಿಸಿ ಬೆಣ್ಣೆ, ಆಲೂಗಡ್ಡೆ ಜೊತೆ ಕೊಡುತ್ತಾರೆ. ಸಸ್ಯಾಹಾರಿಗಳಿಗೆ ಭಯವಿಲ್ಲ. ನಮ್ಮ ಶತಾವರಿ ಬೇರಿನ ದಾಯಾದಿ ಇದು, ಒಂದೇ ಕುಲ. ಉಪ್ಪು ಖಾರ ಕಡಿಮೆ, ಆದರೆ ನಾಲಿಗೆಯ ಮೇಲೆ ಕರಗುತ್ತದೆ. ಊಟ ಮಾಡುತ್ತ ನಮ್ಮವರು ಇನ್ನೊಂದು ಸಂಗತಿ ಹೇಳಿದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ ಬ್ರಾಕೆನ್‌ಹೈಮ್ ಎಂಬ ಪುಟ್ಟ ಊರು ಅಲ್ಲಿಂದ ಪೂರ್ವಕ್ಕೆ ಸುಮಾರು 35 ಕಿಲೋಮೀಟರು. ನೀವು ಈಗ ಕೈಯಲ್ಲಿ ಹಿಡಿದಿರುವ ಪತ್ರಿಕೆಯ ಅಜ್ಜನ ಅಜ್ಜನಂಥವನು ಆ ಸೀಮೆಯವನು.

ನಿಲ್ದಾಣದ ಕಡೆ ಹೊರಟಾಗ ಪುಟ್ಟಿ ಕಾಲುದಾರಿಯಲ್ಲಿ ಥಟ್ಟನೆ ನಿಂತಳು. ನೆಲದ ಕಲ್ಲುಗಳ ನಡುವೆ ಅಂಗೈಯಗಲದ ಹಿತ್ತಾಳೆ ಫಲಕ. “ಇದನ್ನು ತುಳಿಯಬಾರದು, ಅಜ್ಜಿ. ಶಾಲೆಯಲ್ಲಿ ಹೇಳಿದ್ದಾರೆ.” ಅದರ ಮೇಲೆ ‘ಇಲ್ಲಿ ವಾಸವಾಗಿದ್ದರು’ ಎಂದು ಬರೆದು, ಒಂದು ಹೆಸರು, ಹುಟ್ಟಿದ ಇಸವಿ. ಹಿಟ್ಲರನ ಸರ್ಕಾರ ಯಹೂದಿಗಳನ್ನು ಅವರವರ ಮನೆಯಿಂದ ಎಳೆದೊಯ್ದ ನೆನಪಿಗೆ ಇಂಥ ಫಲಕಗಳನ್ನು ಜರ್ಮನಿಯ ಊರೂರಲ್ಲಿ ಇಟ್ಟಿದ್ದಾರೆ. ಬ್ರುಖ್ಸಾಲಿನ ಯಹೂದಿಗಳ ಪ್ರಾರ್ಥನಾ ಮಂದಿರವನ್ನು 1938ರ ನವೆಂಬರಿನಲ್ಲಿ ಸುಟ್ಟರು. 1940ರ ಅಕ್ಟೋಬರ್ 22ರಂದು ಬಾಡೆನ್ ಸೀಮೆಯ ಯಹೂದಿಗಳನ್ನೆಲ್ಲ ರೈಲಿಗೆ ತುಂಬಿ ಫ್ರಾನ್ಸಿನ ಗ್ಯೂರ್ಸ್ ಎಂಬ ಶಿಬಿರಕ್ಕೆ ಕಳಿಸಿದರು. ಅವರಲ್ಲಿ ಬಹಳ ಮಂದಿ ಮರಳಲೇ ಇಲ್ಲ. ಬಾಂಬು ಬಿದ್ದದ್ದು ಇದೆಲ್ಲ ಆದ ಮೇಲೆ.

ಅರಮನೆಯನ್ನು ಮತ್ತೆ ಕಟ್ಟಲು ಮೂವತ್ತು ವರ್ಷ ಸಾಕಾಯಿತು. ಆ ಪ್ರಾರ್ಥನಾ ಮಂದಿರ ಮತ್ತೆ ಏಳಲಿಲ್ಲ. ಹೋದ ಜನರನ್ನು ಮತ್ತೆ ಕಟ್ಟುವ ನೊಯ್‌ಮನ್ ಯಾವ ದೇಶದಲ್ಲೂ ಹುಟ್ಟಿಲ್ಲ. ನಾನು ಇಷ್ಟನ್ನು ಪುಟ್ಟಿಗೆ ಹೇಳುವುದೋ ಬಿಡುವುದೋ ಎಂದು ನೋಡಿದೆ. ಅವಳೇ ಕೈಯಲ್ಲಿದ್ದ ಕಾಗದದ ಕರವಸ್ತ್ರದಿಂದ ಫಲಕದ ಧೂಳು ಒರೆಸಿದಳು. ಒರೆಸಿದ ಮೇಲೆ ಹೆಸರು ಸ್ಪಷ್ಟವಾಗಿ ಕಂಡಿತು. ಹೇಳುವ ಅಗತ್ಯ ಬೀಳಲಿಲ್ಲ.

ಆ ರಾತ್ರಿ ನಮ್ಮವರು ಊರಿಗೆ ಫೋನ್ ಮಾಡಿ ತಮ್ಮನೊಂದಿಗೆ ಬಹಳ ಹೊತ್ತು ಮಾತಾಡಿದರು. “ನೋಡಪ್ಪ, ಮನೆ ಉಳಿಸುವುದೋ ಇಲ್ಲವೋ ನಾವು ಬಂದ ಮೇಲೆ ಕೂತು ಮಾತಾಡೋಣ. ಅಷ್ಟರವರೆಗೆ ಜೆಸಿಬಿ ತರಿಸಬೇಡ. ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆಸು. ಅಳತೆ ಬರೆಸು. ತೊಟ್ಟಿಯ ಕಂಬಗಳನ್ನು ಇಳಿಸುವುದಾದರೆ ಒಂದೊಂದಕ್ಕೂ ನಂಬರು ಹಾಕಿಸು.” ಆಮೇಲೆ ನನ್ನ ಕಡೆ ತಿರುಗಿ, “ನೀನೇನು ಹೇಳ್ತೀಯ?” ಎಂದರು. ಮದುವೆಯಾಗಿ ನಲವತ್ತು ವರ್ಷಗಳ ಮೇಲೆ ಆ ಮನೆಯ ವಿಷಯಕ್ಕೆ ನನ್ನನ್ನು ಕೇಳಿದ್ದು ಅದೇ ಮೊದಲು. ಹೊಸಿಲು ಮಾತ್ರ ಯಾವ ಮನೆ ಕಟ್ಟಿದರೂ ಅದೇ ಇರಲಿ ಎಂದೆ. ಆಗಲಿ ಎಂದರು. ಉಳಿದದ್ದು ಇನ್ನೂ ತೀರ್ಮಾನವಾಗಿಲ್ಲ. ಆದರೆ ಹೊಸಿಲು ಉಳಿಯುತ್ತದೆ.

ಪುಟ್ಟಿ ಸೋಮವಾರ ಶಾಲೆಗೆ ಅರಮನೆಯ ಮೆಟ್ಟಿಲಿನ ಚಿತ್ರ ಬಿಡಿಸಿಕೊಂಡು ಹೋದಳು. ಕೆಳಗೆ ಎರಡು ಇಸವಿ ಬರೆದಿದ್ದಳು: 1731, 1975. “ಒಂದೇ ಸಾಕಲ್ಲವೇ?” ಎಂದು ಕೇಳಿದೆ. “ಇಲ್ಲ ಅಜ್ಜಿ, ಕಟ್ಟಿದವರು ಎರಡು ಗುಂಪು” ಎಂದಳು.

ಮಕ್ಕಳೇ, ನಿಮ್ಮ ಮನೆಯಲ್ಲೂ ಎರಡು ಸಲ ಕಟ್ಟಿದ್ದು, ತೇಪೆ ಹಾಕಿದ್ದು, ಬೆಸುಗೆ ಹಾಕಿದ್ದು ಏನಾದರೂ ಇದ್ದೇ ಇರುತ್ತದೆ. ಅದು ಕಂಬವೋ ತೊಟ್ಟಿಲೋ ಹಿತ್ತಾಳೆ ಕೊಡವೋ ಇರಬಹುದು. ಮೊದಲು ಮಾಡಿದವರು ಯಾರು, ಆಮೇಲೆ ಸರಿಮಾಡಿದವರು ಯಾರು ಎಂದು ಅಜ್ಜಿ ತಾತನನ್ನು ಕೇಳಿ. ಎರಡು ಹೆಸರನ್ನೂ ಬರೆದಿಟ್ಟುಕೊಳ್ಳಿ.